ಕಬ್ಬಿನ ಹಂಗಾಮಿಗೆ ಕಟ್ಟಿದ ಹೈಡ್ರೋಜನ್: ಮುಧೋಳ ಭಾಗದ ಸಕ್ಕರೆ ಕಾರ್ಖಾನೆಯೊಂದರ ಪ್ರಕರಣ ಅಧ್ಯಯನ

ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲೂಕು, ಘಟಪ್ರಭಾ ದಂಡೆ. ದಿನಕ್ಕೆ 5,000 ಟನ್ ಕಬ್ಬು ನುರಿಸುವ ಕಾರ್ಖಾನೆ, ಜೊತೆಗೆ ಬಗಾಸ್ (ರಸ ಹಿಂಡಿದ ಕಬ್ಬಿನ ಸಿಪ್ಪೆ) ಸುಟ್ಟು ವಿದ್ಯುತ್ ಮಾಡುವ ಸಹವಿದ್ಯುತ್ ಘಟಕ, ದಿನಕ್ಕೆ 60 ಕಿಲೋಲೀಟರ್‌ನ ಡಿಸ್ಟಿಲರಿ. ಈ ಅಳತೆಯ ಕಾರ್ಖಾನೆಗಳು ಈ ಸೀಮೆಯಲ್ಲಿ ಬೇಕಾದಷ್ಟಿವೆ. ಹಾಗಾಗಿ ಇಲ್ಲಿ ಯಾವ ಹೆಸರೂ ಇಲ್ಲ, ಲೆಕ್ಕಕ್ಕೆ ಒಂದು ಮಾದರಿ ಹಿಡಿದುಕೊಂಡಿದೆ. ಪ್ರಶ್ನೆ ಇಷ್ಟೆ: ಇಂಥ ಕಡೆ ವಿದ್ಯುತ್ತಿನಿಂದ ನೀರನ್ನು ಒಡೆಯುವ ಎಲೆಕ್ಟ್ರೋಲೈಸರ್ ಕೂರಿಸಿ ಕಡಿಮೆ ಇಂಗಾಲದ ಹೈಡ್ರೋಜನ್ ಮಾಡಿ ಬೆಳಗಾವಿಯ ಕೈಗಾರಿಕೆಗೆ ಕಳಿಸಿದರೆ ನಡೆಯುತ್ತದೆಯೇ? ನಡೆಯುವುದಾದರೆ ಎಷ್ಟು ದೊಡ್ಡದು?

ಇಂಥ ಕಡೆ ಮೊದಲು ಬರುವ ಪ್ರಸ್ತಾವ ಬಹುಮಟ್ಟಿಗೆ 1 ಮೆಗಾವ್ಯಾಟ್‌ನದು. ದುಂಡು ಸಂಖ್ಯೆ, ಕೇಳಲು ಚೆಂದ. ಗಂಟೆಗೆ 200 ಘನಮೀಟರ್ ಅನಿಲ, ಅಂದರೆ 18 ಕೆಜಿ. ದಿನವಿಡೀ ಓಡಿದರೆ 430 ಕೆಜಿ. ಇದಕ್ಕೆ ಬೇಕಾದ ವಿದ್ಯುತ್ತೂ ಇದೆ, ನೀರೂ ಇದೆ. ತೊಡಕು ಇರುವುದು ಬೇರೆ ಕಡೆ.

ಕೊಳ್ಳುವವರು ಯಾರು

ಬೆಳಗಾವಿಯ ಉದ್ಯಮಬಾಗ, ಮಚ್ಛೆಯ ಫೌಂಡ್ರಿಗಳ ಹೆಸರು ತಕ್ಷಣ ಬಾಯಿಗೆ ಬರುತ್ತದೆ. ಆದರೆ ಕಬ್ಬಿಣ ಕರಗಿಸುವ ಇಂಡಕ್ಷನ್ ಫರ್ನೇಸ್‌ಗೆ ಹೈಡ್ರೋಜನ್ ಬೇಡ, ಅದು ಆಗಲೇ ವಿದ್ಯುತ್ತಿನ ಮೇಲೆ ಓಡುತ್ತಿದೆ. 55 ಯೂನಿಟ್ ಸುರಿದು ಒಂದು ಕೆಜಿ ಹೈಡ್ರೋಜನ್ ಮಾಡಿ, ಅದನ್ನು ಸುಟ್ಟು 33 ಯೂನಿಟ್‌ನಷ್ಟು ಶಾಖ ಪಡೆಯುವುದು ಯಾವ ಲೆಕ್ಕಕ್ಕೂ ಕೂರುವುದಿಲ್ಲ. ಆ 55 ಯೂನಿಟ್ಟನ್ನು ನೇರ ಕಾಯಿಲ್‌ಗೇ ಕೊಟ್ಟರಾಯಿತು.

ಅಲ್ಯುಮಿನಾ ರಿಫೈನರಿಯ ಕ್ಯಾಲ್ಸಿನರ್ (ಅಲ್ಯುಮಿನಾ ಸುಡುವ ಕುಲುಮೆ) ಇನ್ನೊಂದು ಆಸೆ. ಅಲ್ಲಿ 1,000 ಡಿಗ್ರಿ ದಾಟುವ ಜ್ವಾಲೆ ಬೇಕು, ಅದಕ್ಕೆ ವಿದ್ಯುತ್ ಸುಲಭದ ಬದಲಿಯಲ್ಲ. ಟನ್ ಅಲ್ಯುಮಿನಾಕ್ಕೆ ಸುಮಾರು 3 ಗಿಗಾಜೂಲ್ ಶಾಖ, ಅಂದರೆ 25 ಕೆಜಿ ಹೈಡ್ರೋಜನ್. ನಮ್ಮ 430 ಕೆಜಿ ಪೂರ್ತಿ ಕೊಟ್ಟರೂ ದಿನಕ್ಕೆ 17 ಟನ್ ಅಲ್ಯುಮಿನಾ. ರಿಫೈನರಿಗೆ ಅದು ಒಂದು ಲಾರಿಯ ಮಾತು. ಅಲ್ಲಿ ಉಳಿಯುವ ಫರ್ನೇಸ್ ಆಯಿಲ್ 1.3 ಟನ್, ತಪ್ಪುವ ಇಂಗಾಲದ ಡೈಆಕ್ಸೈಡ್ ಸುಮಾರು 4 ಟನ್. ಅದೇ 24,000 ಯೂನಿಟ್ ಬಗಾಸ್ ವಿದ್ಯುತ್ತನ್ನು ಗ್ರಿಡ್‌ಗೆ ಬಿಟ್ಟಿದ್ದರೆ? ದೇಶದ ಗ್ರಿಡ್ಡಿನಲ್ಲಿ ಯೂನಿಟ್ಟಿಗೆ ಸರಾಸರಿ 0.72 ಕೆಜಿಯಂತೆ 17 ಟನ್ ತಪ್ಪುತ್ತಿತ್ತು. ಸುಡುವುದಕ್ಕಾಗಿ ಹೈಡ್ರೋಜನ್ ಮಾಡುವವರು ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಬರೆದಿಟ್ಟು ನೋಡಬೇಕು.

ಉಳಿದದ್ದು ಹೈಡ್ರೋಜನ್ನನ್ನು ಹೈಡ್ರೋಜನ್ ಎಂದೇ ಕೊಳ್ಳುವವರು: ಸ್ಟೇನ್‌ಲೆಸ್ ಭಾಗಗಳ ಬ್ರೈಟ್ ಅನೀಲಿಂಗ್ (ಹೊಳಪು ಕೆಡದಂತೆ ಕಾಯಿಸಿ ಮೆದುಗೊಳಿಸುವುದು), ಬ್ರೇಜಿಂಗ್ (ಬೆಸುಗೆ), ಸಿಂಟರಿಂಗ್ (ಲೋಹದ ಪುಡಿ ಕಾಯಿಸಿ ಗಟ್ಟಿ ಮಾಡುವುದು) ಫರ್ನೇಸ್‌ನವರು. ಅಲ್ಲಿ ಅದು ಇಂಧನವಲ್ಲ. ಲೋಹದ ಮೇಲಿನ ಆಕ್ಸೈಡ್ ಕಿತ್ತು ತೆಗೆಯುವ ವಾತಾವರಣ ಅದು, ಅದಕ್ಕೆ ಬದಲಿ ಕಡಿಮೆ. ಗಂಟೆಗೆ 20 ಘನಮೀಟರ್ ಕುಡಿಯುವ ಫರ್ನೇಸ್ ದಿನಕ್ಕೆ 20 ಗಂಟೆ ಓಡಿದರೆ 36 ಕೆಜಿ. 430 ಕೆಜಿ ಖರ್ಚಾಗಲು ಇಂಥ ಫರ್ನೇಸ್ 12 ಬೇಕು, ಅದೂ ದಿನ ತಪ್ಪದೆ ಓಡಬೇಕು.

ಸಾಗಣೆಯ ಲೆಕ್ಕ ಇನ್ನೂ ಕಠಿಣ. ಸಾಮಾನ್ಯ ಸಿಲಿಂಡರ್‌ನಲ್ಲಿ ಹಿಡಿಯುವುದು 7 ಘನಮೀಟರ್, 0.63 ಕೆಜಿ. ಐವತ್ತು ಕೆಜಿ ದಾಟುವ ಉಕ್ಕು ಹೊತ್ತು ಅರ್ಧ ಕೆಜಿ ಚಿಲ್ಲರೆ ಅನಿಲ ಒಯ್ಯುವ ವ್ಯವಹಾರ ಇದು. 430 ಕೆಜಿಗೆ ದಿನಕ್ಕೆ 680 ಸಿಲಿಂಡರ್ ತುಂಬಿ, ಏರಿಸಿ, ಇಳಿಸಿ, ಖಾಲಿ ವಾಪಸ್ ತರಬೇಕು.

ಡಿಸ್ಟಿಲರಿಯ ಇಂಗಾಲದ ಡೈಆಕ್ಸೈಡ್ ಜೊತೆ ಸೇರಿಸಿ ಮೆಥನಾಲ್ ಮಾಡುವ ಮಾತೂ ಬರುತ್ತದೆ. ರಸಾಯನ ಸರಿಯಾಗಿದೆ. ಹುದುಗಿನ ಟ್ಯಾಂಕಿನಿಂದ ಬರುವ ಅನಿಲ ಬಹುತೇಕ ಶುದ್ಧ, 60 ಕಿಲೋಲೀಟರ್ ಎಥನಾಲ್‌ಗೆ ದಿನಕ್ಕೆ 45 ಟನ್. ಅಷ್ಟನ್ನೂ ಮೆಥನಾಲ್ ಮಾಡಲು ದಿನಕ್ಕೆ 6 ಟನ್ ಹೈಡ್ರೋಜನ್, ಅಂದರೆ ಹಗಲು ರಾತ್ರಿ 14 ಮೆಗಾವ್ಯಾಟ್ ಬೇಕು. 430 ಕೆಜಿಯಿಂದ ಆಗುವುದು 2.3 ಟನ್ ಮೆಥನಾಲ್. ಅಷ್ಟಕ್ಕಾಗಿ 50 ಬಾರ್ ಮೇಲಿನ ರಿಯಾಕ್ಟರ್, ಡಿಸ್ಟಿಲೇಶನ್ ಕಾಲಂ ಕಟ್ಟುವವರು ಸಿಗಲಿಕ್ಕಿಲ್ಲ. ಅದನ್ನು ಇಲ್ಲಿಗೇ ಬಿಡೋಣ.

ಹೀಗಾಗಿ ಪ್ರಸ್ತಾವ ಕಾಲು ಭಾಗಕ್ಕೆ ಇಳಿಯುತ್ತದೆ: ಗಂಟೆಗೆ 50 ಘನಮೀಟರ್, 4.5 ಕೆಜಿ, ಸುಮಾರು 250 ಕಿಲೋವ್ಯಾಟ್. ಮುಂದಿನ ಮಾತೆಲ್ಲ ಈ ಅಳತೆಯದು.

ಮೂರು ಕಾಲ, ಮೂರು ವಿದ್ಯುತ್

ನುರಿಸುವ ಹಂಗಾಮು ನವೆಂಬರ್‌ನಿಂದ ಮಾರ್ಚ್‌ವರೆಗೆ, ಸುಮಾರು 150 ದಿನ. ಆಗ ಬಗಾಸ್ ವಿದ್ಯುತ್ ಹಗಲು ರಾತ್ರಿ ಇರುತ್ತದೆ. ಬೆಲೆ ಮಾತ್ರ ಹಗಲಿಗೊಂದು, ರಾತ್ರಿಗೊಂದು. ಸೌರ ವಿದ್ಯುತ್ ಗ್ರಿಡ್‌ಗೆ ನುಗ್ಗುವ ಮಧ್ಯಾಹ್ನ ವಿದ್ಯುತ್ ಮಾರುಕಟ್ಟೆಯ ಎಕ್ಸ್‌ಚೇಂಜ್ ದರ ಕುಸಿಯುತ್ತದೆ, ದೀಪ ಹಚ್ಚುವ ಹೊತ್ತಿಗೆ ಏರುತ್ತದೆ. ಆದ್ದರಿಂದ ಸಂಜೆ 6ರಿಂದ 10ರವರೆಗೆ ಎಲೆಕ್ಟ್ರೋಲೈಸರ್ ಭಾರವನ್ನು 40 ಶೇಕಡಾಕ್ಕೆ ಇಳಿಸಿ, ಉಳಿದದ್ದನ್ನು ಹೊರಗೆ ಮಾರುವುದು. ಮಿಕ್ಕ 20 ಗಂಟೆ ಪೂರ್ಣ ಭಾರ. ಪೂರ್ತಿ ನಿಲ್ಲಿಸುವುದಿಲ್ಲ ಏಕೆ ಎಂಬುದು ಮುಂದೆ ಬರುತ್ತದೆ. ಹೀಗೆ ದಿನಕ್ಕೆ 97 ಕೆಜಿ, 154 ಸಿಲಿಂಡರ್, ಹೆಚ್ಚುಕಡಿಮೆ ಮೂರು ಫರ್ನೇಸ್‌ನ ಊಟ.

ಏಪ್ರಿಲ್, ಮೇ ಬಿಸಿಲಿನ ಕಾಲ. 500 ಕಿಲೋವ್ಯಾಟ್ ಸೌರ ಫಲಕ ದಿನಕ್ಕೆ 2,100 ಯೂನಿಟ್ ಆಸುಪಾಸು ಕೊಡುತ್ತದೆ, ಅಂದರೆ 38 ಕೆಜಿ. ಜೂನ್ ಬಂದರೆ ಮೋಡ ಕವಿಯುತ್ತದೆ, ಆದರೆ ಸವದತ್ತಿ, ಗದಗ ಗುಡ್ಡಗಳ ಮೇಲಿನ ಗಾಳಿಯಂತ್ರಗಳಿಗೆ ಅದೇ ಸುಗ್ಗಿ. ಮುಂಗಾರಿನ ಗಾಳಿ ಸೆಪ್ಟೆಂಬರ್‌ವರೆಗೆ ಇರುತ್ತದೆ. 2022ರ ಹಸಿರು ಮುಕ್ತ ಪ್ರವೇಶ ನಿಯಮ 100 ಕಿಲೋವ್ಯಾಟ್ ಬೇಡಿಕೆ ಇರುವವರಿಗೂ ಹೊರಗಿನಿಂದ ಇಂಥ ವಿದ್ಯುತ್ ತರಿಸುವ ದಾರಿ ತೆರೆದಿದೆ. ಬಗಾಸ್, ಬಿಸಿಲು, ಗಾಳಿ ಒಂದರ ಬೆನ್ನಿಗೆ ಒಂದು ಬರುವುದು ಈ ಸೀಮೆಯ ಭಾಗ್ಯ. ನಡುವೆ ಅಕ್ಟೋಬರ್ ಒಂದು ಬರಗಾಲ. ವಾರ್ಷಿಕ ದುರಸ್ತಿಗೆ ಆ ತಿಂಗಳನ್ನೇ ಇಟ್ಟುಕೊಳ್ಳುವುದು ಜಾಣತನ.

ಹಂಗಾಮು ಶುರುವಾಗುವ ದಿನ ಮಾತ್ರ ಯಾರ ಕೈಯಲ್ಲೂ ಇಲ್ಲ. ಮಳೆ ತಡವಾಗಿ ನಿಂತರೆ ಹೊಲದಿಂದ ಕಬ್ಬು ಹೊರಬರುವುದಿಲ್ಲ. 2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ದರಕ್ಕಾಗಿ ಕೂತ ಹಾಗೆ ಕೂತರೂ ಗಾಣ ತಿರುಗುವುದಿಲ್ಲ. ಹೈಡ್ರೋಜನ್ ಒಪ್ಪಂದದಲ್ಲಿ ‘ನವೆಂಬರ್ 1ರಿಂದ’ ಎಂದು ಬರೆದುಕೊಡುವವರು ಕಬ್ಬಿನ ವ್ಯವಹಾರ ಕಂಡವರಲ್ಲ.

ಎರಡು ಕೆಜಿಯ ಗೆರೆ

ಕೇಂದ್ರದ ಹೊಸ ಮತ್ತು ನವೀಕರಿಸಬಹುದಾದ ಇಂಧನ ಸಚಿವಾಲಯ 2023ರ ಆಗಸ್ಟ್‌ನಲ್ಲಿ ಗೆರೆ ಎಳೆದಿದೆ: ಹಸಿರು ಎನ್ನಿಸಿಕೊಳ್ಳಲು ಕೆಜಿ ಹೈಡ್ರೋಜನ್‌ಗೆ 2 ಕೆಜಿಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್ ಸಮಾನ ಹೊರಬೀಳಬಾರದು. ನೀರಿನ ಶುದ್ಧೀಕರಣ, ವಿಭಜನೆ, ಅನಿಲದ ಶುದ್ಧೀಕರಣ, ಒಣಗಿಸುವುದು, ಕಂಪ್ರೆಷನ್ ಎಲ್ಲ ಸೇರಿ, ಹಿಂದಿನ 12 ತಿಂಗಳ ಸರಾಸರಿ.

ಪೂರ್ತಿ ಗ್ರಿಡ್ ವಿದ್ಯುತ್ತಿನಲ್ಲಿ ಮಾಡಿದರೆ ಕೆಜಿಗೆ ಸುಮಾರು 40 ಕೆಜಿ ಬೀಳುತ್ತದೆ. ನೈಸರ್ಗಿಕ ಅನಿಲದಿಂದ ಮಾಡುವ ‘ಬೂದು’ ಹೈಡ್ರೋಜನ್‌ನದು 9–10 ಕೆಜಿ. ಅಂದರೆ ಗ್ರಿಡ್ಡಿಗೆ ಸಿಕ್ಕಿಸಿದ ಎಲೆಕ್ಟ್ರೋಲೈಸರ್ ಬೂದು ಹೈಡ್ರೋಜನ್‌ಗಿಂತ ನಾಲ್ಕು ಪಟ್ಟು ಕೊಳಕು. 2 ಕೆಜಿಯ ಒಳಗೆ ನಿಲ್ಲಬೇಕಾದರೆ ಬಳಸುವ ಪ್ರತಿ 20 ಯೂನಿಟ್‌ನಲ್ಲಿ ಗ್ರಿಡ್‌ನದು ಒಂದೇ ಇರಬಹುದು.

ಕಾರ್ಖಾನೆಗಳು ಎಡವುವುದು ಹಂಗಾಮು ಮುಗಿದ ಮೇಲೆ. ಬಗಾಸ್ ಗುಡ್ಡೆ ಕರಗಿದಾಗ ಕೆಲವು ಬಾಯ್ಲರ್‌ಗಳು ಕಲ್ಲಿದ್ದಲಿಗೆ ತಿರುಗುತ್ತವೆ. ಸಣ್ಣ ಟರ್ಬೈನ್‌ನಲ್ಲಿ ಕಲ್ಲಿದ್ದಲಿನ ಯೂನಿಟ್ಟಿಗೆ ಒಂದು ಕೆಜಿಯ ಮೇಲೇ ಬೀಳುತ್ತದೆ, ಹೈಡ್ರೋಜನ್ ಕೆಜಿಗೆ 55ರ ಮೇಲೆ. ಅದೇ ಬಸ್‌ಬಾರ್ (ವಿದ್ಯುತ್ ಹಂಚುವ ಲೋಹದ ಪಟ್ಟಿ), ಅದೇ ಕೇಬಲ್, ನೋಡುವವರಿಗೆ ವ್ಯತ್ಯಾಸ ಕಾಣುವುದಿಲ್ಲ. ಆದ್ದರಿಂದ ಎಲೆಕ್ಟ್ರೋಲೈಸರ್‌ಗೆ ಡಿಸಿ ಕೊಡುವ ರೆಕ್ಟಿಫೈಯರ್ ಫೀಡರ್‌ಗೆ ಪ್ರತ್ಯೇಕ 15 ನಿಮಿಷದ ಮೀಟರ್ ಬೇಕು, ಬಾಯ್ಲರ್ ಇಂಧನದ ತೂಕದ ಪುಸ್ತಕ ಅದರ ಜೊತೆ ತಾಳೆಯಾಗಬೇಕು. ಕಲ್ಲಿದ್ದಲು ಬೆಲ್ಟ್ ಶುರುವಾದ ಗಳಿಗೆಗೆ ಎಲೆಕ್ಟ್ರೋಲೈಸರ್ ಆ ಬಸ್‌ಬಾರ್‌ನಿಂದ ಹೊರಗೆ.

ಗ್ರಿಡ್‌ನಲ್ಲಿ ಬ್ಯಾಂಕ್ ಮಾಡಿಟ್ಟ ನವೀಕರಿಸಬಹುದಾದ ವಿದ್ಯುತ್ತನ್ನೂ ಕೇಂದ್ರದ ವ್ಯಾಖ್ಯೆ ಹಸಿರೆಂದೇ ಒಪ್ಪುತ್ತದೆ. ಕಾಗದದ ಮೇಲೆ ಇದು ದೊಡ್ಡ ಅನುಕೂಲ: ಹಗಲು ಹೆಸ್ಕಾಂ ತಂತಿಗೆ ಬಿಟ್ಟದ್ದನ್ನು ರಾತ್ರಿ ವಾಪಸ್ ಪಡೆಯಬಹುದು. ಆದರೆ ಆ ರಾತ್ರಿ ತಂತಿಯಲ್ಲಿ ಹರಿದದ್ದು ಕಲ್ಲಿದ್ದಲಿನದೇ ಎಂಬುದನ್ನು ಯುರೋಪಿಗೆ ಮಾಲು ಕಳಿಸುವ ಗಿರಾಕಿ ಒಂದು ದಿನ ಕೇಳಿಯೇ ಕೇಳುತ್ತಾನೆ.

ಕಬ್ಬಿನ ನೀರು

ಕಬ್ಬಿನ ತೂಕದಲ್ಲಿ 70 ಶೇಕಡಾ ನೀರು. 5,000 ಟನ್ ಕಬ್ಬಿನ ಜೊತೆ ದಿನಕ್ಕೆ 3,500 ಟನ್ ನೀರು ಗೇಟಿನೊಳಗೆ ಬರುತ್ತದೆ, ಒಂದು ಪಾಲು ಬಗಾಸ್‌ನಲ್ಲಿ ಉಳಿದು ಮಿಕ್ಕದ್ದರಲ್ಲಿ ಹೆಚ್ಚಿನದು ಇವಾಪರೇಟರ್‌ನಲ್ಲಿ ಆವಿಯಾಗಿ, ತಣಿದು ಮತ್ತೆ ನೀರಾಗುತ್ತದೆ, ಅದೇ ಕಂಡೆನ್ಸೇಟ್. ನಮಗೆ ಬೇಕಾದದ್ದು ಕೆಜಿಗೆ 10 ಲೀಟರ್ ಶುದ್ಧ ನೀರು. ಆರ್‌ಒ ತ್ಯಾಜ್ಯ, ಕೂಲಿಂಗ್ ಟವರ್‌ನ ಆವಿ ಸೇರಿ ದಿನಕ್ಕೆ ನಾಲ್ಕೈದು ಸಾವಿರ ಲೀಟರ್. ಒಂದು ಟ್ಯಾಂಕರ್ ಅಷ್ಟೆ. ಹಂಗಾಮಿನಲ್ಲಿ ಘಟಪ್ರಭೆಯಿಂದ ಒಂದು ಕೊಡ ಎತ್ತಬೇಕಿಲ್ಲ.

ಕಂಡೆನ್ಸೇಟ್ ಮಾತ್ರ ಕಾಣುವಷ್ಟು ತಿಳಿಯಲ್ಲ. ಇವಾಪರೇಟರ್ ಉಕ್ಕಿದರೆ ಆವಿಯ ಜೊತೆ ಸಕ್ಕರೆಯೂ ಬರುತ್ತದೆ. ಬಾಯ್ಲರ್ ಮನೆಯವರು ಇದಕ್ಕೆ ಹಳೆಯ ಪರೀಕ್ಷೆ ಇಟ್ಟುಕೊಂಡಿದ್ದಾರೆ: ಪರೀಕ್ಷಾ ನಳಿಕೆಯಲ್ಲಿ ಎರಡು ಮಿಲಿಲೀಟರ್ ನೀರು, ಆಲ್ಫಾ ನ್ಯಾಫ್ತಾಲ್ ದ್ರಾವಣದ ನಾಲ್ಕೈದು ಹನಿ, ಆಮೇಲೆ ನಳಿಕೆಯ ಗೋಡೆಗುಂಟ ಗಂಧಕಾಮ್ಲವನ್ನು ಮೆಲ್ಲಗೆ ಇಳಿಬಿಡುವುದು. ಎರಡು ಪದರ ಸೇರುವಲ್ಲಿ ನೇರಳೆ ಉಂಗುರ ಕಂಡರೆ ಸಕ್ಕರೆ ಇದೆ. ಬಾಯ್ಲರ್‌ಗೆ ಬೇಡವಾದ ಆ ಉಂಗುರ ಎಲೆಕ್ಟ್ರೋಲೈಸರ್‌ಗೂ ಬೇಡ. ಸಕ್ಕರೆ ಆರ್‌ಒ ಪೊರೆಯ ಮೇಲೆ ಲೋಳೆ ಬೆಳೆಸುತ್ತದೆ, ದಾಟಿ ಒಳಗೆ ಹೋದರೆ ಬಿಸಿ ಕಾಸ್ಟಿಕ್‌ನಲ್ಲಿ ಒಡೆದು ನೊರೆ ಎಬ್ಬಿಸುತ್ತದೆ. ಅನಿಲ, ದ್ರಾವಣ ಬೇರ್ಪಡಿಸುವ ಸೆಪರೇಟರ್‌ನಲ್ಲಿ ನೊರೆ ಬಂದರೆ ಲೆವೆಲ್ ಟ್ರಾನ್ಸ್‌ಮಿಟರ್ ಸುಳ್ಳು ಹೇಳುತ್ತದೆ.

ಕ್ರಮ ಹೀಗಿರಲಿ: ಕಂಡೆನ್ಸೇಟ್ ತಣಿಸಿ 35 ಡಿಗ್ರಿಗೆ ತರುವುದು, ಆಕ್ಟಿವೇಟೆಡ್ ಕಾರ್ಬನ್, ಆರ್‌ಒ, ಕೊನೆಗೆ ಉಳಿದ ಲವಣ ಹಿಡಿಯುವ ಮಿಕ್ಸೆಡ್ ಬೆಡ್. ಹೊರಬರುವ ನೀರಿನ ವಾಹಕತೆ 1 ಮೈಕ್ರೋಸೀಮೆನ್ಸ್ ಒಳಗೆ ಇರಬೇಕು. ಸಕ್ಕರೆ ವಿದ್ಯುತ್ ಹರಿಸುವುದಿಲ್ಲವಾದ್ದರಿಂದ ವಾಹಕತೆ ಮೀಟರ್ ಅದನ್ನು ಹಿಡಿಯುವುದಿಲ್ಲ, ಉಂಗುರವೇ ಹಿಡಿಯಬೇಕು. ಎರಡು ದಿನಕ್ಕಾಗುವ ಶುದ್ಧ ನೀರಿನ ಟ್ಯಾಂಕ್ ಇದ್ದರೆ ಸಕ್ಕರೆ ಬಂದ ಪಾಳಿಯ ಕಂಡೆನ್ಸೇಟನ್ನು ಸುಮ್ಮನೆ ಚರಂಡಿಗೆ ಬಿಡಬಹುದು.

ಯಂತ್ರ, ಮತ್ತು ಅದು ಕೆಡುವ ಬಗೆ

ಇಲ್ಲಿಗೆ ಹೊಂದುವುದು ಆಲ್ಕಲೈನ್ ಬಗೆ. ನಿಕಲ್ ಲೇಪದ ಎಲೆಕ್ಟ್ರೋಡ್, ನಡುವೆ ಎರಡು ಅನಿಲಗಳನ್ನು ಬೇರೆಯಿಡುವ ಡಯಾಫ್ರಂ, ಒಳಗೆ 30 ಶೇಕಡಾ ಪೊಟ್ಯಾಸಿಯಂ ಹೈಡ್ರಾಕ್ಸೈಡ್, 80–85 ಡಿಗ್ರಿ ಶಾಖ, 15 ಬಾರ್ ಒತ್ತಡ. ದ್ರಾವಣದ ಬದಲು ಪಾಲಿಮರ್ ಪೊರೆ ಬಳಸುವ ಪೆಮ್ ಬಗೆ ಬಿಸಿಲಿನ ಏರಿಳಿತಕ್ಕೆ ಚೆನ್ನಾಗಿ ಹೊಂದಿಕೊಳ್ಳುತ್ತದೆ, ಆದರೆ ಅದಕ್ಕೆ ಇರಿಡಿಯಂ ಬೇಕು, ನೀರಿನ ವಿಷಯದಲ್ಲಿ ಮಡಿ ಹೆಚ್ಚು. ಸಕ್ಕರೆ ಕಾರ್ಖಾನೆಯ ಫಿಟ್ಟರ್‌ಗೆ ಕಾಸ್ಟಿಕ್, ಪಂಪ್, ಗ್ಯಾಸ್ಕೆಟ್ ಗೊತ್ತು. ಆಲ್ಕಲೈನ್‌ನ ಮುಕ್ಕಾಲು ಕೆಲಸ ಅಷ್ಟೇ.

ದ್ರಾವಣ ಮಾಡುವಾಗ ನೀರಿಗೆ ಹರಳು ಹಾಕಬೇಕು, ಹರಳಿಗೆ ನೀರು ಹೊಯ್ಯಬಾರದು. ಒಂದೇ ಸಲ ಸುರಿದರೆ ಕುದಿದು ಸಿಡಿಯುತ್ತದೆ. ತಣಿದ ಮೇಲೆ ಹೈಡ್ರೋಮೀಟರ್ 1.29 ತೋರಿಸಬೇಕು. ಟ್ಯಾಂಕಿನ ಮುಚ್ಚಳ ತೆರೆದಿಟ್ಟರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಕಾರ್ಬೊನೇಟ್ ಆಗುತ್ತದೆ. ಡಿಸ್ಟಿಲರಿಯ ಹುದುಗು ಟ್ಯಾಂಕುಗಳು ಪಕ್ಕದಲ್ಲಿದ್ದರೆ ಇನ್ನೂ ಬೇಗ. ಆಗ ಹೈಡ್ರೋಮೀಟರ್ ಸರಿಯೆಂದೇ ತೋರಿಸುತ್ತದೆ, ಸೆಲ್ ವೋಲ್ಟೇಜ್ ಮಾತ್ರ ಮೆಲ್ಲಗೆ ಏರುತ್ತದೆ. ಟೈಟ್ರೇಶನ್ (ಆಮ್ಲ ಹನಿಸಿ ಅಳೆಯುವ ಪರೀಕ್ಷೆ) ಮಾಡದೆ ಇದು ಗೊತ್ತಾಗದು.

ದೊಡ್ಡ ತೊಂದರೆ ಕಡಿಮೆ ಭಾರದ್ದು. ಡಯಾಫ್ರಂ ಮೂಲಕ ಆಮ್ಲಜನಕದ ಕಡೆಗೆ ನುಸುಳುವ ಹೈಡ್ರೋಜನ್ ಪ್ರಮಾಣ ಭಾರ ಇಳಿದರೂ ಹೆಚ್ಚೇನೂ ಇಳಿಯುವುದಿಲ್ಲ, ಆಮ್ಲಜನಕದ ಉತ್ಪತ್ತಿ ಮಾತ್ರ ಇಳಿಯುತ್ತದೆ. ಹಾಗಾಗಿ ಆಮ್ಲಜನಕದಲ್ಲಿ ಹೈಡ್ರೋಜನ್ ಪಾಲು ಏರುತ್ತದೆ. 4 ಶೇಕಡಾ ಮುಟ್ಟಿದರೆ ಸ್ಫೋಟದ ಮಿಶ್ರಣ, ಆದ್ದರಿಂದ 2 ಶೇಕಡಾಕ್ಕೇ ಯಂತ್ರ ಟ್ರಿಪ್ ಆಗಬೇಕು. 30 ಶೇಕಡಾ ಭಾರಕ್ಕಿಂತ ಕೆಳಗೆ ಓಡಿಸಿದರೆ ಈ ಟ್ರಿಪ್ ಪದೇ ಪದೇ ಬರುತ್ತದೆ. ಸಂಜೆಯ ಇಳಿತವನ್ನು 40ಕ್ಕೇ ನಿಲ್ಲಿಸಿದ್ದು ಇದಕ್ಕೆ. ಪೂರ್ತಿ ನಿಲ್ಲಿಸದಿದ್ದುದಕ್ಕೆ ಇನ್ನೊಂದು ಕಾರಣ: ಪ್ರತಿ ಸಲ ನಿಂತಾಗಲೂ ಸೆಲ್‌ಗಳ ಸಾಲಾದ ಸ್ಟ್ಯಾಕ್‌ನೊಳಗೆ ಹಿಮ್ಮುಖ ಕರೆಂಟ್ ಹರಿದು ಎಲೆಕ್ಟ್ರೋಡ್ ಲೇಪ ಸವೆಯುತ್ತದೆ.

ಹಂಗಾಮಿನಲ್ಲಿ 40 ಶೇಕಡಾ ಹಿಡಿದಿಡುವುದು ಸುಲಭ, ಬಗಾಸ್ ಇದೆ. ಬೇಸಿಗೆಯಲ್ಲಿ? ರಾತ್ರಿ 14 ಗಂಟೆ 100 ಕಿಲೋವ್ಯಾಟ್ ಗ್ರಿಡ್‌ನಿಂದ ಎಳೆದರೆ 1,400 ಯೂನಿಟ್. ಹಗಲಿನ ಸೌರ ವಿದ್ಯುತ್ 2,100. ಕೆಜಿಗೆ 16 ಕೆಜಿ ಇಂಗಾಲದ ಡೈಆಕ್ಸೈಡ್ ಬಂತು, ಗೆರೆಯ ಎಂಟು ಪಟ್ಟು. ಆದ್ದರಿಂದ ಬೇಸಿಗೆಯ ರಾತ್ರಿ ನಿಲ್ಲಿಸಲೇಬೇಕು: ಅನಿಲದ ಜಾಗಕ್ಕೆ ನೈಟ್ರೋಜನ್ ತುಂಬಿ, ದ್ರಾವಣವನ್ನು ಬೆಚ್ಚಗೆ ಇಟ್ಟು, ಬೆಳಿಗ್ಗೆ ಮತ್ತೆ ಏರಿಸುವುದು. ಸ್ಟ್ಯಾಕ್‌ನ ಆಯಸ್ಸನ್ನು ಬಿಸಿಲಿನ ಋತು ತಿನ್ನುತ್ತದೆ ಎಂದು ಮೊದಲೇ ಲೆಕ್ಕಕ್ಕೆ ಬರೆದುಕೊಳ್ಳಬೇಕು.

ಗಾಣ ಬಿಗಿದುಕೊಂಡೋ ಕಬ್ಬಿಲ್ಲದೆಯೋ ನಿಂತಾಗ ಟರ್ಬೈನ್ ಟ್ರಿಪ್ ಆಗುವುದು ಹಂಗಾಮಿನ ಮಾಮೂಲು. ಕರೆಂಟ್ ಒಮ್ಮೆಗೆ ಹೋದರೆ ಹೈಡ್ರೋಜನ್, ಆಮ್ಲಜನಕ ಎರಡೂ ಕಡೆಯ ಒತ್ತಡ ಒಂದೇ ವೇಗದಲ್ಲಿ ಇಳಿಯುವುದಿಲ್ಲ. ಲೆವೆಲ್ ಏರುಪೇರಾಗಿ ಒಂದರ ಅನಿಲ ಇನ್ನೊಂದಕ್ಕೆ ನುಗ್ಗಬಹುದು. ನಿಯಂತ್ರಣ, ಲೈ (ಕಾಸ್ಟಿಕ್ ದ್ರಾವಣ) ಪಂಪ್ ಮತ್ತು ನೈಟ್ರೋಜನ್ ಕವಾಟಗಳಿಗೆ ಯುಪಿಎಸ್ ಅನಿವಾರ್ಯ. ಕೊಟೇಶನ್‌ನಲ್ಲಿ ಮೊದಲು ಕತ್ತರಿ ಬೀಳುವುದೂ ಯುಪಿಎಸ್‌ಗೇ.

ಇನ್ನೊಂದು ಸ್ಟೋರ್ ರೂಮಿನ ಮಾತು. ಡಿಸ್ಟಿಲರಿಯ ಕಪಾಟಿನಲ್ಲಿರುವ ಫ್ಲೇಮ್‌ಪ್ರೂಫ್ ಮೋಟರ್, ಜಂಕ್ಷನ್ ಬಾಕ್ಸ್‌ಗಳು ಎಥನಾಲ್‌ಗೆ ತಕ್ಕ 2ಎ ಅಥವಾ 2ಬಿ ಗುಂಪಿನವು. ಹೈಡ್ರೋಜನ್‌ಗೆ ಬೇಕಾದದ್ದು 2ಸಿ. ನೋಡಲು ಒಂದೇ ಥರ, ಬೋಲ್ಟೂ ಕೂರುತ್ತದೆ, ಒಳಗಿನ ಜ್ವಾಲೆ ಹೊರಬರದಂತೆ ತಡೆಯುವ ಸಂದಿನ ಅಳತೆ ಮಾತ್ರ ಬೇರೆ. ರಾತ್ರಿ ಪಾಳಿಯಲ್ಲಿ ಕೆಟ್ಟುಹೋದದ್ದಕ್ಕೆ ಪಕ್ಕದ ಪ್ಲಾಂಟಿನದ್ದನ್ನು ತಂದು ಹಾಕುವ ಅಭ್ಯಾಸ ಇಲ್ಲಿ ಜೀವಕ್ಕೆ ಎರವು.

ಶೆಡ್ ಬಗಾಸ್ ಯಾರ್ಡ್‌ನಿಂದ ದೂರ ಇರಲಿ, ಚಿಮಣಿಯ ಕಿಡಿ ಹಾರುವ ಗಾಳಿಯ ದಿಕ್ಕಿನಲ್ಲಂತೂ ಬೇಡ. ಚಾವಣಿಯ ನೆತ್ತಿ ತೆರೆದಿರಬೇಕು, ಅನಿಲ ಸಿಕ್ಕಿಕೊಳ್ಳುವ ಮೂಲೆ ಎಲ್ಲೂ ಇರಬಾರದು. ಡಿಟೆಕ್ಟರ್ ನೆತ್ತಿಯಲ್ಲೇ. ಹೈಡ್ರೋಜನ್ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಕಾಣುವುದಿಲ್ಲ. ಸೋರಿಕೆಯ ಅನುಮಾನವಿದ್ದ ಕಡೆ ಒಣ ಕಸಬರಿಗೆಯನ್ನು ಮುಂದೆ ಚಾಚಿ ನಡೆಯುವುದು ಹಳೆಯ ಉಪಾಯ. ಬೆಂಕಿ ಇದ್ದರೆ ಕಸಬರಿಗೆ ಮೊದಲು ಹತ್ತಿಕೊಳ್ಳುತ್ತದೆ. ಸಿಲಿಂಡರ್ ತುಂಬಲು, ಇಡಲು 2016ರ ಗ್ಯಾಸ್ ಸಿಲಿಂಡರ್ ನಿಯಮದಡಿ ಪೆಸೊ (ಕೇಂದ್ರದ ಪೆಟ್ರೋಲಿಯಂ, ಸ್ಫೋಟಕ ಸುರಕ್ಷತಾ ಸಂಸ್ಥೆ) ಪರವಾನಗಿ ಬೇಕು, ಅದಕ್ಕೆ ಮೊದಲೇ ನಕ್ಷೆ ಮಂಜೂರಾಗಬೇಕು.

ಹೊರಬರುವ ಆಮ್ಲಜನಕ ಹೈಡ್ರೋಜನ್‌ನ ಎಂಟು ಪಟ್ಟು ತೂಕ, ದಿನಕ್ಕೆ 780 ಕೆಜಿ. ಸಿಲಿಂಡರ್‌ಗೆ ತುಂಬಿ ಮಾರುವ ಗೋಜಿಗಿಂತ ಕಾರ್ಖಾನೆಯ ತ್ಯಾಜ್ಯನೀರಿನ ಏರೇಶನ್ ಟ್ಯಾಂಕಿಗೆ ಬಿಟ್ಟರೆ ಬ್ಲೋವರ್‌ನ ಒಂದಿಷ್ಟು ಯೂನಿಟ್ ಉಳಿಯುತ್ತದೆ.

ದುಡ್ಡು

ವರ್ಷದ ಉತ್ಪಾದನೆ: ಹಂಗಾಮಿನಲ್ಲಿ ನಿಲುಗಡೆ ಕಳೆದು 13 ಟನ್, ಉಳಿದ ಕಾಲದಲ್ಲಿ ದುರಸ್ತಿ, ಮೋಡ ಕಳೆದು 7 ಟನ್, ಒಟ್ಟು 20. ವಿದ್ಯುತ್ ಯೂನಿಟ್ಟಿಗೆ ₹4 ಹಿಡಿದರೆ ಕೆಜಿಗೆ ₹220. ಬಂಡವಾಳದ ಮೇಲೆ ವರ್ಷಕ್ಕೆ 12 ಶೇಕಡಾ ಹಿಡಿದರೆ, ಹೂಡಿದ ಪ್ರತಿ ₹1 ಕೋಟಿಯೂ ಕೆಜಿಗೆ ₹60 ಸೇರಿಸುತ್ತದೆ. ಹಂಗಾಮಿನಲ್ಲಷ್ಟೇ ಓಡಿಸಿ ಏಳು ತಿಂಗಳು ಬೀಗ ಹಾಕಿದರೆ ಅದೇ ಕೋಟಿ ₹92 ಆಗುತ್ತದೆ. ಬಿಸಿಲು, ಗಾಳಿಯ ತಾಪತ್ರಯ ಹಚ್ಚಿಕೊಳ್ಳುವುದು ಈ ₹32ಕ್ಕಾಗಿ. 2023ರ ಜನವರಿಯಲ್ಲಿ ₹19,744 ಕೋಟಿಗೆ ಮಂಜೂರಾದ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ನಲ್ಲಿ ಉತ್ಪಾದನೆಗೆ ಮೊದಲ ವರ್ಷ ಕೆಜಿಗೆ ಗರಿಷ್ಠ ₹50, ಆಮೇಲೆ ₹40, ₹30 ಪ್ರೋತ್ಸಾಹಧನವಿದೆ. ಆದರೆ ಅದು ದೊಡ್ಡ ಪ್ರಮಾಣದ ಬಿಡ್ಡಿಂಗ್ ಮೂಲಕ ಸಿಗುವಂಥದ್ದು. 20 ಟನ್‌ನವರು ಅದನ್ನು ನೆಚ್ಚಿಕೊಂಡು ಲೆಕ್ಕ ಹಾಕಬಾರದು.

ಗಿರಾಕಿ ಹೋಲಿಸುವುದು ಫರ್ನೇಸ್ ಬಾಗಿಲಿಗೆ ಬಂದು ಬೀಳುವ ಸಿಲಿಂಡರ್ ದರವನ್ನು. ಅಮೋನಿಯಾ ಒಡೆಯುವ ಕ್ರ್ಯಾಕರ್ ಇಟ್ಟುಕೊಂಡವರಿಗೆ 75 ಪಾಲು ಹೈಡ್ರೋಜನ್, 25 ಪಾಲು ನೈಟ್ರೋಜನ್ ಅಲ್ಲೇ ಸಿಗುತ್ತದೆ. ಅವರು ನಮ್ಮ ಗಿರಾಕಿಗಳಲ್ಲ, ಆದರೆ ಅವರ ಕ್ರ್ಯಾಕರ್ ನಮ್ಮ ಗಿರಾಕಿಗೆ ಒಳ್ಳೆಯ ಮೀಸಲು ವ್ಯವಸ್ಥೆಯ ಮಾದರಿ. ಒಪ್ಪಂದದ ಆಕಾರವೂ ಇಲ್ಲಿಂದಲೇ ಹುಟ್ಟುತ್ತದೆ: ಒಂದು ಫರ್ನೇಸ್‌ಗೆ ದುರಸ್ತಿಯ ತಿಂಗಳು ಬಿಟ್ಟು ವರ್ಷವಿಡೀ ಖಾತ್ರಿ ಪೂರೈಕೆ, ಇನ್ನೆರಡಕ್ಕೆ ಹಂಗಾಮಿನಲ್ಲಷ್ಟೇ, ಉಳಿದ ತಿಂಗಳು ಅವರು ಹಳೆಯ ಕಡೆಯಿಂದಲೇ ತರಿಸಿಕೊಳ್ಳುವುದು.

ಬ್ರೇಜಿಂಗ್‌ನವರು ಶುದ್ಧತೆಯ ಶೇಕಡಾಕ್ಕಿಂತ ಡ್ಯೂ ಪಾಯಿಂಟ್ (ಅನಿಲದ ತೇವ ಇಬ್ಬನಿಗಟ್ಟುವ ಉಷ್ಣತೆ) ಕೇಳುತ್ತಾರೆ. ಮೈನಸ್ 60 ಡಿಗ್ರಿ ಎಂದರೆ ಮೈನಸ್ 60. ಉಳಿದ ಆಮ್ಲಜನಕ ತೆಗೆಯುವ ಪಲ್ಲಾಡಿಯಂ ಡಿಆಕ್ಸೊ, ಅದರ ಹಿಂದೆ ಎರಡು ಗೋಪುರದ ಡ್ರೈಯರ್ ಸರಿಯಾಗಿದ್ದರೂ ಸಿಲಿಂಡರ್ ಕೈಕೊಡಬಹುದು: ನೀರು ತುಂಬಿ ಒತ್ತಡ ಪರೀಕ್ಷಿಸುವ ಹೈಡ್ರೋ ಟೆಸ್ಟ್ ಆದ ಸಿಲಿಂಡರ್‌ನ ತಳದಲ್ಲಿ ಒಂದು ಚಮಚ ನೀರು ಉಳಿದಿದ್ದರೆ ಸಾಕು, ಫರ್ನೇಸ್‌ನಿಂದ ಬೆಳ್ಳಗೆ ಬರಬೇಕಾದ ಸ್ಟೇನ್‌ಲೆಸ್ ಭಾಗ ಹಸಿರು ಛಾಯೆ ಹೊತ್ತು ಬರುತ್ತದೆ. ಟೆಸ್ಟ್ ಆಗಿ ಬಂದ ಪ್ರತಿ ಸಿಲಿಂಡರ್ ಕಾಯಿಸಿ, ವ್ಯಾಕ್ಯೂಮ್ ಎಳೆದು, ಆಮೇಲಷ್ಟೇ ತುಂಬಬೇಕು.

ಲೋಕಾಪುರ, ಯರಗಟ್ಟಿ ಮೇಲೆ ಬೆಳಗಾವಿಗೆ ನೂರು ಚಿಲ್ಲರೆ ಕಿಲೋಮೀಟರ್. ಹಂಗಾಮಿನ ರಾತ್ರಿ ಈ ರಸ್ತೆಯಲ್ಲಿ ಹಿಂದೀಪವಿಲ್ಲದ ಕಬ್ಬಿನ ಟ್ರೇಲರ್‌ಗಳು ಎರಡೆರಡು ಜೋಡಿಸಿಕೊಂಡು ಹೋಗುತ್ತಿರುತ್ತವೆ, ಕೆಟ್ಟು ನಿಂತವೂ ಇರುತ್ತವೆ. ಕೆಂಪು ಸಿಲಿಂಡರ್‌ನ ಲಾರಿ ಹಗಲಿನಲ್ಲೇ ಹೊರಟು ಹಗಲಿನಲ್ಲೇ ಮರಳಬೇಕು. ಅದರರ್ಥ ದಿನಕ್ಕೆ ಒಂದೇ ಟ್ರಿಪ್, ಕಾರ್ಖಾನೆಯಲ್ಲಿ ಎರಡು ದಿನದ ದಾಸ್ತಾನು, ಗಿರಾಕಿಯಲ್ಲಿ ಒಂದು ದಿನದ್ದು. ತುಂಬಿದ್ದು, ಖಾಲಿ, ದಾರಿಯಲ್ಲಿರುವುದು ಸೇರಿ 154ರ ಐದು ಪಟ್ಟು ಸಿಲಿಂಡರ್ ಕೊಳ್ಳಬೇಕು.

ಆರ್ಡರ್ ಕೊಡುವ ಮೊದಲು ಒಂದು ಹಂಗಾಮು ಪೂರ್ತಿ ಮೂರು ಪುಸ್ತಕ ಬರೆಯಿಸಬೇಕು. ಪಾಳಿಗೊಮ್ಮೆ ಕಂಡೆನ್ಸೇಟ್‌ನ ನ್ಯಾಫ್ತಾಲ್ ಉಂಗುರ, 15 ನಿಮಿಷಕ್ಕೊಮ್ಮೆ ಟರ್ಬೈನ್ ಎಷ್ಟು ಕೊಟ್ಟಿತು ಮತ್ತು ಯಾವಾಗ ನಿಂತಿತು, ಗಿರಾಕಿಯ ಫರ್ನೇಸ್ ದಿನಕ್ಕೆ ಎಷ್ಟು ಸಿಲಿಂಡರ್ ಖಾಲಿ ಮಾಡಿತು. ಮೂರನೆಯದನ್ನು ಕಾರ್ಖಾನೆಯವರು ಬರೆಯಲಾಗದು. ಅದನ್ನು ಬರೆದುಕೊಡಲು ಒಪ್ಪದ ಗಿರಾಕಿ ಮುಂದೆ ಒಪ್ಪಂದಕ್ಕೆ ಸಹಿ ಹಾಕುವುದು ಅನುಮಾನ, ಆಗ 250 ಕಿಲೋವ್ಯಾಟ್ ಕೂಡ ದೊಡ್ಡದೇ.